ಬಿಸಿಲಿಗೊಂದು ಹೊತ್ತು, ಮನೆಗೊಂದು ಹೊತ್ತು

ಮೇ ತಿಂಗಳ ಒಂದು ಮಧ್ಯಾಹ್ನ ನಮ್ಮೂರು ಕೆಂಭಾವಿಯಲ್ಲಿ ಕರೆಂಟು ಹೋಯಿತು. ಅದೇನೂ ಸುದ್ದಿಯಲ್ಲ. ಆದರೆ ಅವತ್ತು ನಮ್ಮ ಓಣಿಯ ನಾಲ್ಕೈದು ಮಂದಿ ಟವೆಲಿನಿಂದ ಗಾಳಿ ಬೀಸಿಕೊಳ್ಳುತ್ತ ನೆಟ್ಟಗೆ ಒಂದೇ ಮನೆಯ ಕಡೆಗೆ ನಡೆದರು. ಆ ಮನೆಯ ಕಾಕಾ ಎರಡು ತಿಂಗಳ ಹಿಂದಷ್ಟೇ ಮಾಳಿಗೆ ಮೇಲೆ ಮೂರು ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದ. ಊರಿಗೆಲ್ಲ ಹೋದರೂ ಅವನಿಗೆ ಹೋಗುವುದಿಲ್ಲ ಎಂಬುದು ಎಲ್ಲರ ನಂಬಿಕೆ. ಹೋಗಿ ನೋಡಿದರೆ ಕಾಕಾ ಕಟ್ಟೆಯ ಮೇಲೆ ಅಂಗಿ ಬಿಚ್ಚಿ ಕುಳಿತಿದ್ದಾನೆ.

‘ಏನ್ ಕಾಕಾ, ನಿಮ್ಮ ಮನ್ಯಾಗೂ ಹೋತೇನು?’

‘ಹೌದಪಾ ತಮ್ಮಾ. ಬಿಸಲ ಅದ, ಪ್ಲೇಟ್ ಅದ, ಫ್ಯಾನ್ ತಿರಗವಲ್ದು ನೋಡು.’

ನಕ್ಕವರು ನಕ್ಕರು. ಕಾಕಾನಿಗೆ ಮಾತ್ರ ಎರಡು ಲಕ್ಷದ ಹತ್ತಿರ ಖರ್ಚು ಮಾಡಿ ಮೋಸ ಹೋದೆನೇನೋ ಎಂಬ ಸಂಶಯ. ಮೋಸವೇನೂ ಆಗಿರಲಿಲ್ಲ. ಅವನು ಹಾಕಿಸಿದ್ದು ಗ್ರಿಡ್‌ಗೆ ಜೋಡಿಸುವ ಸೋಲಾರ್. ಅದರ ಇನ್ವರ್ಟರ್ ಬೀದಿಯ ಲೈನಿನ ಲಯಕ್ಕೆ ತನ್ನ ಲಯ ಹೊಂದಿಸಿಕೊಂಡು ಕೆಲಸ ಮಾಡುತ್ತದೆ. ಲೈನ್ ಸತ್ತಿತೆಂದರೆ ಅದೂ ಕಣ್ಣು ಮುಚ್ಚಬೇಕು. ಮುಚ್ಚದಿದ್ದರೆ ನಿಮ್ಮ ಮಾಳಿಗೆಯ ಕರೆಂಟು ಕಂಬದತ್ತ ಹರಿದು, ‘ಲೈನ್ ಬಂದಾಗೇದ’ ಎಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್‌ನನ್ನು ಕೊಲ್ಲುತ್ತದೆ. ಹಾಗಾಗದಿರಲೆಂದು ಬೇಕೆಂದೇ ಇಟ್ಟ ಕಾವಲು ಅದು. ಮಾರುವವರು ಈ ಒಂದು ಮಾತನ್ನು ಮೊದಲೇ ಬಾಯಿಬಿಟ್ಟು ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ನಮ್ಮಲ್ಲಿ ‘ಇನ್ವರ್ಟರ್’ ಎಂದರೆ ಬ್ಯಾಟರಿ ಇರುವ ಪೆಟ್ಟಿಗೆ ಎಂದೇ ಅರ್ಥ. ಸೋಲಾರ್ ಇನ್ವರ್ಟರ್ ಎಂದಾಗಲೂ ಜನ ಅದನ್ನೇ ನಿರೀಕ್ಷಿಸುತ್ತಾರೆ.

ಕಾಕಾನ ಆ ಮಧ್ಯಾಹ್ನ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ನಮ್ಮ ಸೀಮೆಗೆ ಬಿಸಿಲಿನ ಬರವಿಲ್ಲ. ಇಲ್ಲಿ ಪ್ರತಿ ಚದರ ಮೀಟರಿನ ಮೇಲೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ಐದು, ಐದೂವರೆ ಯೂನಿಟ್‌ನಷ್ಟು ಬಿಸಿಲು ಬೀಳುತ್ತದೆ. ಸಾವಿರ ಚದರಡಿಯ ಮಾಳಿಗೆಯ ಲೆಕ್ಕ ಹಾಕಿದರೆ ದಿನಕ್ಕೆ ಹತ್ತಿರ ಹತ್ತಿರ 500 ಯೂನಿಟ್. ಕೆಳಗೆ ಬದುಕುವ ಸಂಸಾರಕ್ಕೆ ಬೇಕಾದದ್ದು ನಾಲ್ಕೋ ಐದೋ. ಹಾಗಿದ್ದರೂ ಬಿಸಿಲನ್ನು ಮನೆಗೆ ಪಳಗಿಸುವುದು ಕಷ್ಟವಾಗಿರುವುದು ಹೊತ್ತಿನ ಜಗಳದಿಂದ. ಸೂರ್ಯ ಕೊಡುವ ಹೊತ್ತು ಹತ್ತರಿಂದ ಮೂರು. ಮನೆ ಕೇಳುವ ಹೊತ್ತು ಬೆಳಗಿನ ಐದು, ರಾತ್ರಿಯ ಎಂಟು. ಈ ಎರಡು ಹೊತ್ತುಗಳನ್ನು ಕೂಡಿಸಿದ ಕಡೆ ಸೋಲಾರ್ ಗೆದ್ದಿದೆ, ಕೂಡಿಸದ ಕಡೆ ಮಾಳಿಗೆಯ ಮೇಲೆ ದೂಳು ತಿನ್ನುತ್ತ ಕುಳಿತಿದೆ.

ನಮ್ಮ ಹಿರಿಯರಿಗೆ ಈ ಜಗಳ ಇರಲಿಲ್ಲ. ಬಿಸಿಲಿನ ಹೊತ್ತಿಗೆ ಬಿಸಿಲಿನ ಕೆಲಸ ಇಟ್ಟುಕೊಂಡಿದ್ದರು. ಹಪ್ಪಳ, ಸಂಡಿಗೆ, ಶಾವಿಗೆ, ಮೆಣಸಿನಕಾಯಿ, ರಾಶಿಯಾದ ತೊಗರಿ ಎಲ್ಲ ಮಾಳಿಗೆಗೆ. ಕೂಸಿನ ಸ್ನಾನಕ್ಕೆ ತಾಮ್ರದ ಹಂಡೆಯಲ್ಲಿ ನೀರು ತುಂಬಿ ಅಂಗಳದ ಬಿಸಿಲಿಗೆ ಇಡುತ್ತಿದ್ದರು. ಅದೇ ನಮ್ಮ ಮೊದಲ ಸೋಲಾರ್ ಹೀಟರ್. ಮನೆಯೂ ಹಾಗೆಯೇ. ಕಲ್ಲು ಮಣ್ಣಿನ ದಪ್ಪ ಗೋಡೆ, ಜಂತಿಯ ಮೇಲೆ ಹಲಗೆ, ಅದರ ಮೇಲೆ ಮೊಳದಷ್ಟು ದಪ್ಪ ಮಣ್ಣು. ಮಧ್ಯಾಹ್ನದ ಕಾವು ಆ ಮಣ್ಣು ದಾಟಿ ಒಳಗೆ ಇಳಿಯುವ ಹೊತ್ತಿಗೆ ರಾತ್ರಿಯಾಗಿರುತ್ತಿತ್ತು. ಅಷ್ಟರಲ್ಲಿ ಮನೆಮಂದಿಯೆಲ್ಲ ಹಾಸಿಗೆ ಎತ್ತಿಕೊಂಡು ಮಾಳಿಗೆ ಹತ್ತಿರುತ್ತಿದ್ದರು. ಕಾವು ಒಳಗೆ ಬಂದಾಗ ಒಳಗೆ ಯಾರೂ ಇಲ್ಲ! ಈಗಿನ ನಾಲ್ಕೈದು ಇಂಚಿನ ಆರ್‌ಸಿಸಿ ಸ್ಲ್ಯಾಬ್ ಸಂಜೆಗೇ ಕಾದ ಹಂಚಾಗಿ, ಹತ್ತು ಗಂಟೆಗೆ ಫ್ಯಾನ್ ಹಾಕಿದರೆ ಒಲೆಯ ಬಾಯಿಯಿಂದ ಗಾಳಿ ಬಂದಂತೆ ಬರುತ್ತದೆ.

ಆದ್ದರಿಂದ ಸೋಲಾರ್‌ನ ಮಾತಿಗೆ ಮುಂಚೆ ಸುಣ್ಣದ ಮಾತು. ಬಿಳಿ ಸುಣ್ಣವನ್ನೋ ಬಿಳಿ ಬಣ್ಣವನ್ನೋ ಸ್ಲ್ಯಾಬಿಗೆ ಬಳಿದರೆ, ಹೊಸದರಲ್ಲಿ ಅದು ಬಿದ್ದ ಬಿಸಿಲಿನ ಮುಕ್ಕಾಲು ಪಾಲಿನ ಆಸುಪಾಸು ವಾಪಸ್ ಕಳಿಸುತ್ತದೆ. ಬರೀ ಸಿಮೆಂಟು ಕಳಿಸುವುದು ಮೂರನೇ ಒಂದು ಪಾಲು. ಮನೆ ತಂಪು ಮಾಡುವ ಇಷ್ಟು ಅಗ್ಗದ ಉಪಾಯಕ್ಕೆ ಸಬ್ಸಿಡಿಯೂ ಇಲ್ಲ, ಜಾಹೀರಾತೂ ಇಲ್ಲ. ಮಾರುವವನಿಗೆ ಲಾಭವಿಲ್ಲದ ಜಾಣತನಕ್ಕೆ ಬಾಯಿ ಇರುವುದಿಲ್ಲ.

ಇನ್ನು ಪ್ಲೇಟಿನ ವಿಷಯ. ಬಿಸಿಲು ಜಾಸ್ತಿಯಾದಷ್ಟೂ ಕರೆಂಟು ಜಾಸ್ತಿ ಎಂದು ನಾವು ಅಂದುಕೊಳ್ಳುತ್ತೇವೆ. ಪ್ಲೇಟಿಗೆ ಬೇಕಾದದ್ದು ಬೆಳಕು. ಕಾವು ಅದರ ಶತ್ರು. ಪ್ಲೇಟಿನ ಮೇಲೆ ಬರೆದಿರುವ ವ್ಯಾಟ್ 25 ಡಿಗ್ರಿಯಲ್ಲಿ ಅಳೆದದ್ದು. ಅಲ್ಲಿಂದ ಮೇಲೆ ಒಂದೊಂದು ಡಿಗ್ರಿಗೆ ನೂರಕ್ಕೆ 0.35ರಿಂದ 0.4ರಷ್ಟು ಶಕ್ತಿ ಸೋರುತ್ತದೆ. ನಮ್ಮಲ್ಲಿ ಗಾಳಿಯೇ 43 ಡಿಗ್ರಿ ಮುಟ್ಟಿದ ದಿನ ಪ್ಲೇಟಿನ ಮೈ 65 ದಾಟುತ್ತದೆ. ಅಂದರೆ ನೂರಕ್ಕೆ ಹದಿನೈದರಷ್ಟು ಅಲ್ಲೇ ಆವಿ. ಆಕಾಶ ತಿಳಿಯಾಗಿದ್ದು ಕಾವು ಇನ್ನೂ ಏರದ ಫೆಬ್ರವರಿ, ಮಾರ್ಚ್‌ನಲ್ಲಿ ಪ್ಲೇಟು ಹುರುಪಿನಲ್ಲಿರುತ್ತದೆ. ಅದರ ಬೆನ್ನಿಗೆ ಗಾಳಿ ಆಡಬೇಕು ಎಂದು ಹೇಳುವುದು ಇದಕ್ಕೇ. ತಗಡಿಗೆ ಅಂಟಿಸಿದಂತೆ ಕೂರಿಸಿದರೆ ಪ್ಲೇಟೂ ಬೇಯುತ್ತದೆ, ಮನೆಯೂ ಬೇಯುತ್ತದೆ. ಒಂದು ಮೊಳ ಎತ್ತರಿಸಿದರೆ ಅದು ಕರೆಂಟಿನ ಜೊತೆಗೆ ನೆರಳನ್ನೂ ಕೊಡುತ್ತದೆ. ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2011ರಲ್ಲಿ ಅಳೆದು ನೋಡಿ, ಪ್ಲೇಟು ಹಾಕಿದ ಭಾಗದ ಕೆಳಗಿನ ಚಾವಣಿ ಹಗಲಿನಲ್ಲಿ ಸುಮಾರು 3 ಡಿಗ್ರಿ ತಂಪಾಗಿರುತ್ತದೆ ಎಂದು ಹೇಳಿದರು. ಮೂರು ಡಿಗ್ರಿ ಅವರಿಗೆ ಎಷ್ಟೋ, ಕೆಂಭಾವಿಯವರಿಗೆ ಅದು ಒಂದು ನಿದ್ದೆ.

ದಿಕ್ಕಿನ ಲೆಕ್ಕವೂ ನಮ್ಮೂರಿಗೆ ಒಂಚೂರು ಬೇರೆ. ಭೂಮಿಯ ನಡುಗೆರೆಯಿಂದ ಹದಿನಾರೂವರೆ ಡಿಗ್ರಿ ಉತ್ತರಕ್ಕಿದ್ದೇವೆ. ಹಾಗಾಗಿ ಪ್ಲೇಟು ದಕ್ಷಿಣಕ್ಕೆ ಮುಖಮಾಡಿ ಹದಿನೈದು ಡಿಗ್ರಿಯಷ್ಟು ಬಾಗಿದ್ದರೆ ಸಾಕು. ಆದರೆ ಮೇ ಮೊದಲ ವಾರದಲ್ಲಿ ಒಮ್ಮೆ, ಆಗಸ್ಟ್ ಮೊದಲ ವಾರದ ಆಸುಪಾಸಿನಲ್ಲಿ ಇನ್ನೊಮ್ಮೆ ಸೂರ್ಯ ನಡು ಮಧ್ಯಾಹ್ನ ಸರಿಯಾಗಿ ನೆತ್ತಿಗೆ ಬರುತ್ತಾನೆ. ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಈ ಎರಡರ ನಡುವಿನ ಮೂರು ತಿಂಗಳು ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ. ಉತ್ತರದ ಗೋಡೆ ತಂಪು ಎಂದು ಪುಸ್ತಕ ಓದಿ ಅಲ್ಲಿ ದೊಡ್ಡ ಗಾಜಿನ ಕಿಟಕಿ ಇಟ್ಟವರು, ಅದಕ್ಕೆ ಸಜ್ಜಾ ಇಡದಿದ್ದರೆ ಮೇ ತಿಂಗಳಲ್ಲಿ ಪುಸ್ತಕವನ್ನೇ ಬೀಸಣಿಗೆ ಮಾಡಿಕೊಳ್ಳಬೇಕಾಗುತ್ತದೆ.

ದುಡ್ಡಿನ ಮಾತಿಗೆ ಬರೋಣ. 2024ರ ಫೆಬ್ರವರಿಯಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಸಹಾಯಧನ. ಕಿಲೋವ್ಯಾಟಿಗೆ ನೂರು ಚದರಡಿ ಜಾಗ ಬೇಕು. ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಬರುತ್ತದೆ. ಎಲ್ಲ ಸರಿ. ಆದರೆ ಕರ್ನಾಟಕದಲ್ಲಿ 2023ರ ಜುಲೈನಿಂದ ಗೃಹಜ್ಯೋತಿ ಇದೆ. 200 ಯೂನಿಟ್‌ವರೆಗೆ ಮನೆಯ ಬಿಲ್ಲು ಸೊನ್ನೆ. ಬಿಲ್ಲೇ ಬರದವನಿಗೆ ಬಿಲ್ಲು ಉಳಿಸುವ ಯಂತ್ರ ಮಾರುವುದು ಹೇಗೆ? ಬಿಲ್ಲಿನ ಆಸೆಗಷ್ಟೇ ಆದರೆ ನಮ್ಮೂರಿನ ಸಣ್ಣ ಮನೆಗಳಿಗೆ ಇದು ಅವಸರದ ಖರ್ಚಲ್ಲ ಎಂದೇ ನನ್ನ ಲೆಕ್ಕ. ಒಂದೇ ತಿದ್ದುಪಡಿ: ಗೃಹಜ್ಯೋತಿಯ ಸೊನ್ನೆ ಎಲ್ಲರಿಗೂ 200ರ ತನಕ ಇಲ್ಲ. ಪ್ರತಿ ಮನೆಗೂ ಹಳೆಯ ಸರಾಸರಿಗೆ ಒಂಚೂರು ಸೇರಿಸಿ ಗೆರೆ ಎಳೆದಿದ್ದಾರೆ. ಕೂಲರ್ ಹಗಲು ರಾತ್ರಿ ಓಡುವ ಏಪ್ರಿಲ್, ಮೇನಲ್ಲಿ ಆ ಗೆರೆ ದಾಟುತ್ತದೆ. 200 ದಾಟಿದರೆ ಪೂರ್ತಿ ಬಿಲ್ಲು ಬಾಗಿಲಿಗೆ ಬರುತ್ತದೆ.

ಆ ಕೂಲರೇ ನೋಡಿ, ಬಿಸಿಲಿನ ಹೊತ್ತಿಗೂ ಮನೆಯ ಹೊತ್ತಿಗೂ ತಾನಾಗಿ ಬಿದ್ದ ಗಂಟು. ಬಿಸಿಲು ಏರಿದಾಗಲೇ ಕೂಲರ್ ಬೇಕು, ಬಿಸಿಲು ಏರಿದಾಗಲೇ ಪ್ಲೇಟು ದುಡಿಯುತ್ತದೆ. ನಮ್ಮ ಒಣಹವೆಯಲ್ಲಿ ಕೂಲರಿನ ನೀರು ಚೆನ್ನಾಗಿ ಆವಿಯಾಗಿ ಗಾಳಿ ನಿಜಕ್ಕೂ ತಂಪಾಗುತ್ತದೆ. ಮಂಗಳೂರಿನ ಸೆಕೆಯಲ್ಲಿ ಅದೇ ಯಂತ್ರ ಬರೀ ಒದ್ದೆ ಗಾಳಿ ಊದುತ್ತದೆ. ಸಾಧಾರಣ ಕೂಲರಿಗೆ 150ರಿಂದ 200 ವ್ಯಾಟ್ ಸಾಕು, ಎಸಿಗೆ ಅದರ ಐದಾರು ಪಟ್ಟು ಬೇಕು. ಹಳೆಯ ಫ್ಯಾನ್ 75 ವ್ಯಾಟ್ ತಿಂದರೆ ಹೊಸ ಬಿಎಲ್‌ಡಿಸಿ ಫ್ಯಾನ್ 30 ಚಿಲ್ಲರೆ ವ್ಯಾಟಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ಪ್ಲೇಟು ಕೊಳ್ಳುವ ಮುಂಚೆ ಫ್ಯಾನ್ ಬದಲಿಸಿದರೆ ಕೊಳ್ಳಬೇಕಾದ ಪ್ಲೇಟೇ ಚಿಕ್ಕದಾಗುತ್ತದೆ.

ಸಂತೆಯ ರಸ್ತೆಗೆ ಹೋದರೆ ಹಗಲಿನ ಕರೆಂಟು ಬೇಕಾದವರು ಸಾಲುಗಟ್ಟಿ ಕುಳಿತಿದ್ದಾರೆ. ಹಿಟ್ಟಿನ ಗಿರಣಿ, ಝೆರಾಕ್ಸ್ ಅಂಗಡಿ, ಹೊಲಿಗೆ ಯಂತ್ರ, ತಂಪು ಪಾನೀಯದ ಫ್ರಿಜ್ಜು. ಇವರಿಗೆ ಗೃಹಜ್ಯೋತಿಯ ಸೊನ್ನೆ ಇಲ್ಲ, ಅಂಗಡಿಯ ದರ ಮನೆಯ ದರಕ್ಕಿಂತ ಜಾಸ್ತಿ, ದುಡಿಮೆಯೆಲ್ಲ ಹಗಲೇ. ಕರೆಂಟು ಹೋದರೆ ಮನೆಯವನಿಗೆ ಬೆವರು, ಟೇಲರನಿಗೆ ಕೂಲಿ ನಷ್ಟ. ಶಾಲೆ, ಬ್ಯಾಂಕು, ದವಾಖಾನೆ, ಪಂಚಾಯಿತಿ ಕಚೇರಿ ಇವೂ ಹಗಲಿನ ಕಟ್ಟಡಗಳೇ. ಸೋಲಾರ್‌ನ ನಿಜವಾದ ಗಿರಾಕಿಗಳು ಇವರು. ನಾವು ಮಾತ್ರ ಸೋಲಾರ್ ಎಂದ ಕೂಡಲೇ ರಾತ್ರಿಯ ಬೀದಿದೀಪ ನೆನೆಯುತ್ತೇವೆ: ಬ್ಯಾಟರಿ ಕಳವಾಗಿ, ಕತ್ತು ವಾಲಿಸಿಕೊಂಡು, ಕಾಗೆಗೆ ಕೂರಲು ಜಾಗ ಕೊಟ್ಟು ನಿಂತ ಕಂಬ.

ಈ ಹೊತ್ತಿನ ಲೆಕ್ಕವನ್ನು ಕರ್ನಾಟಕದಲ್ಲಿ ಮೊದಲು ಚೆನ್ನಾಗಿ ಹಿಡಿದವರು ಹರೀಶ್ ಹಂದೆ. ಕುಂದಾಪುರದ ಕಡೆಯ ಮೂಲದ ಹಂದೆ 1995ರಲ್ಲಿ ಸೆಲ್ಕೋ ಸಂಸ್ಥೆ ಶುರುಮಾಡಿ, ಬಡವರ ಮನೆಗಳಿಗೆ ಸಣ್ಣ ಸೋಲಾರ್ ದೀಪಗಳನ್ನು ಮುಟ್ಟಿಸಲು ಹೊರಟರು. 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರು ಅಲ್ಲಲ್ಲಿ ಹೇಳಿರುವ ಒಂದು ಅನುಭವವಿದೆ. ಬೀದಿ ಬದಿಯ ವ್ಯಾಪಾರಿಗೆ ತಿಂಗಳಿಗೆ 300 ರೂಪಾಯಿ ಕಟ್ಟುವುದು ಆಗದ ಮಾತು. ದಿನಕ್ಕೆ 10 ರೂಪಾಯಿ ಆದರೆ ಆಗಬಹುದು. ಲೆಕ್ಕ ಒಂದೇ. ಆದರೆ ವ್ಯಾಪಾರಿಯ ಕೈಗೆ ದುಡ್ಡು ಬರುವುದು ದಿನದಿನ, ತಿಂಗಳ ಕೊನೆಗಲ್ಲ. ಬ್ಯಾಂಕಿನ ಕಂತನ್ನು ದುಡಿಮೆಯ ಹೊತ್ತಿಗೆ ಹೊಂದಿಸಿದ ಮೇಲೆ ದೀಪ ಉರಿಯಿತು. ನಮ್ಮಲ್ಲಿ ಹತ್ತಿ, ತೊಗರಿ ಬೆಳೆಯುವವನಿಗೆ ದುಡ್ಡು ಬರುವುದು ರಾಶಿಯಾದ ಮೇಲೆ, ಕಾಲುವೆ ಬದಿಯ ನೆಲ್ಲಿನವನಿಗೆ ಕೊಯ್ಲಾದ ಮೇಲೆ. ಅವರ ಸೋಲಾರ್ ಸಾಲಕ್ಕೆ ಪಗಾರದಾರನ ತಿಂಗಳ ಕಂತು ಕಟ್ಟಿದರೆ ಪ್ಲೇಟಿನ ತಪ್ಪಿಲ್ಲದೆ ಪ್ಲೇಟು ಸೋಲುತ್ತದೆ. ಸೆಲ್ಕೋದವರೇ ಮುಂದೆ ಸೋಲಾರ್‌ನಲ್ಲಿ ಓಡುವ ಹೊಲಿಗೆ ಯಂತ್ರ, ರೊಟ್ಟಿ ಯಂತ್ರಗಳ ಕಡೆ ಹೊರಳಿದ್ದು ದೀಪಕ್ಕಿಂತ ದುಡಿಮೆ ಸಾಲ ತೀರಿಸುತ್ತದೆ ಎಂದು ಕಂಡುಕೊಂಡ ಮೇಲೆಯೇ ಇರಬೇಕು.

ರೊಟ್ಟಿ ಎಂದ ಕೂಡಲೇ ಸೋಲಾರ್ ಕುಕ್ಕರಿನ ಕತೆ ನೆನಪಾಗುತ್ತದೆ. ಇದು ಹೊಸದಲ್ಲ. ಮುಂಬೈಯಲ್ಲಿದ್ದ ವಿಲಿಯಂ ಆಡಮ್ಸ್ ಎಂಬ ಇಂಗ್ಲಿಷ್ ಅಧಿಕಾರಿ ಕನ್ನಡಿಗಳನ್ನು ಜೋಡಿಸಿ ಬಿಸಿಲಿನಲ್ಲಿ ಸೈನಿಕರ ಅಡುಗೆ ಬೇಯಿಸಿ, ಎರಡೂವರೆ ಅಶ್ವಶಕ್ತಿಯ ಉಗಿಯಂತ್ರವನ್ನೂ ಓಡಿಸಿ, 1878ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದಿದ್ದ. ನೂರು ವರ್ಷದ ಮೇಲೆ ಸರ್ಕಾರ ಕನ್ನಡಿ ಮುಚ್ಚಳದ ಪೆಟ್ಟಿಗೆ ಕುಕ್ಕರುಗಳನ್ನು ಹಂಚಿತು. ನಮ್ಮ ಹೆಣ್ಣುಮಕ್ಕಳು ಅದನ್ನು ಅಟ್ಟಕ್ಕೆ ಹಾಕಿದರು. ಅಜ್ಞಾನವಲ್ಲ. ಕೂಲಿಗೆ ಹೋಗುವವಳು ಐದು ಗಂಟೆಗೆ ಎದ್ದು ಬುತ್ತಿ ಕಟ್ಟಬೇಕು. ಆಗ ಸೂರ್ಯನೇ ಎದ್ದಿರುವುದಿಲ್ಲ. ಮೇಲಾಗಿ ಪೆಟ್ಟಿಗೆ ಕುಕ್ಕರಿನ ಕಾವು ಅನ್ನ ಬೇಳೆಗೆ ಆದೀತು, ಜೋಳದ ರೊಟ್ಟಿಯ ಹಂಚಿಗೆ ಆಗುವುದಿಲ್ಲ. ಅದೇ ಶಿರಡಿ, ತಿರುಮಲದ ದೊಡ್ಡ ಅಡುಗೆಮನೆಗಳಲ್ಲಿ ಬಟ್ಟಲುಗನ್ನಡಿಗಳಿಂದ ಉಗಿ ಎಬ್ಬಿಸಿ ಸಾವಿರಾರು ಜನರ ಅನ್ನ ಬೇಯಿಸಿದರು. ಅಲ್ಲಿ ಅಡುಗೆ ನಡೆಯುವುದು ಹಗಲಿಡೀ, ಬೇಕಾದದ್ದು ಉಗಿ. ನಮ್ಮ ಶಾಲೆಗಳ ಬಿಸಿಯೂಟವೂ ಮಧ್ಯಾಹ್ನದ ಅಡುಗೆಯೇ ಎನ್ನುವುದು ಯಾರಿಗೂ ಹೊಳೆದಂತಿಲ್ಲ.

ಸ್ನಾನದ ನೀರಿಗೆ ಮಾತ್ರ ಸೂರ್ಯ ನಿಜವಾದ ಬಂಧು. ನೂರು ಲೀಟರ್ ನೀರನ್ನು ಮೂವತ್ತು ಡಿಗ್ರಿ ಕಾಯಿಸಲು ಮೂರೂವರೆ ಯೂನಿಟ್ ಬೇಕು. ಅದನ್ನು ಕರೆಂಟಾಗಿಸಿ ಗೀಸರಿಗೆ ಕೊಡಬೇಕೆಂದರೆ ಹತ್ತಿರ ಹತ್ತಿರ ಒಂದು ಕಿಲೋವ್ಯಾಟ್ ಪ್ಲೇಟಿನ ಇಡೀ ದಿನದ ದುಡಿಮೆ. ಅದೇ ಬಿಸಿಲನ್ನು ನೇರವಾಗಿ ನೀರಿಗೆ ಉಣಿಸುವ ಹೀಟರ್ ಎರಡು ಚದರ ಮೀಟರಿನಲ್ಲಿ ಕೆಲಸ ಮುಗಿಸುತ್ತದೆ. ಪ್ಲೇಟು ಬಿಸಿಲಿನ ಐದನೇ ಒಂದು ಪಾಲನ್ನಷ್ಟೇ ಕರೆಂಟು ಮಾಡುತ್ತದೆ, ಹೀಟರ್ ಅರ್ಧಕ್ಕಿಂತ ಹೆಚ್ಚು ನುಂಗುತ್ತದೆ. ಅದರ ಟ್ಯಾಂಕು ಬ್ಯಾಟರಿಯಂತೆ ಮಧ್ಯಾಹ್ನದ ಕಾವನ್ನು ಮರುದಿನದ ಬೆಳಗಿನವರೆಗೆ ಹಿಡಿದಿಡುತ್ತದೆ. ಬೆಂಗಳೂರಿನಲ್ಲಿ ಹೊಸ ಮನೆಗಳಿಗೆ ಇದನ್ನು 2007ರಿಂದಲೇ ಕಡ್ಡಾಯ ಮಾಡಿದ್ದರು. ಅಲ್ಲಿನ ಚಳಿಗೆ ಒಪ್ಪುತ್ತದೆ. ಕೆಂಭಾವಿಯಲ್ಲಿ ಮೇ ತಿಂಗಳು ಕರಿ ಟ್ಯಾಂಕಿನ ನೀರೇ ಮೈ ಸುಡುತ್ತದೆ. ಹೀಟರ್ ಬೇಕಾಗುವುದು ದೀಪಾವಳಿಯಿಂದ ಶಿವರಾತ್ರಿಯವರೆಗೆ. ನಮ್ಮ ಬೋರಿನ ನೀರು ಗಡಸು. ತಾಮ್ರದ ಸಣ್ಣ ಕೊಳವೆಗಳ ಹೀಟರಿನಲ್ಲಿ ಎರಡು ಮೂರು ವರ್ಷಕ್ಕೆ ಸುಣ್ಣ ಕಟ್ಟುತ್ತದೆ. ಗಾಜಿನ ಕೊಳವೆಯದು ಈ ನೀರಿಗೆ ಹೆಚ್ಚು ತಾಳುತ್ತದೆ. ಆದರೆ ಖಾಲಿ ಬಿದ್ದು ಕಾದ ಕೊಳವೆಗೆ ಮಧ್ಯಾಹ್ನ ತಣ್ಣೀರು ಬಿಟ್ಟರೆ ಪಟಾಕಿಯಂತೆ ಸಿಡಿಯುತ್ತದೆ.

ಪ್ಲೇಟು ತೊಳೆಯುವುದಕ್ಕೂ ಇದೇ ಮಾತು. ಕಾದಾಗ ನೀರು ಎರಚಬಾರದು, ನಸುಕಿನಲ್ಲಿ ತೊಳೆಯಬೇಕು, ಗಡಸು ನೀರಾದರೆ ಕೂಡಲೇ ಒರೆಸಬೇಕು. ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ಬೇಕು. ನೆರಳಂತೂ ದೂಳಿಗಿಂತ ಕೆಟ್ಟದ್ದು. ಪ್ಲೇಟಿನೊಳಗಿನ ಸಣ್ಣ ಚೌಕಗಳೆಲ್ಲ ಒಂದರ ಹಿಂದೆ ಒಂದು ಜೋಡಿಸಿದವು. ಕಾಲುವೆಯ ಮೇಲ್ಭಾಗದಲ್ಲಿ ಕಸ ಸಿಕ್ಕಿಕೊಂಡರೆ ಟೇಲ್‌ಎಂಡ್ ರೈತರಿಗೆ ನೀರು ತಲುಪದಂತೆ, ಬೇವಿನ ಒಂದು ಕೊಂಬೆಯ ನೆರಳು ಒಂದು ಮೂಲೆಗೆ ಬಿದ್ದರೂ ಸಾಲಿಡೀ ಸೊರಗುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ನೀರಿಗೆ ಕಾದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದನ್ನೆಲ್ಲ ಯೋಚಿಸುವಾಗ ನನಗೆ ಕೃಷ್ಣೆಯ ಕೆಳಭಾಗದ ಶಕ್ತಿನಗರ ನೆನಪಾಗುತ್ತದೆ. 1985ರಿಂದ ಅಲ್ಲಿನ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿಯುತ್ತಿದೆ. ಈಗ ಎಂಟು ಘಟಕ, 1,720 ಮೆಗಾವ್ಯಾಟ್. ನಾಡಿನಲ್ಲೇ ಸುಡುಬಿಸಿಲಿಗೆ ಹೆಸರಾದ ಸೀಮೆಗೆ ಪರರಾಜ್ಯದಿಂದ ರೈಲಿನಲ್ಲಿ ಇದ್ದಲು ತಂದು ಬೆಂಕಿ ಹಾಕುತ್ತೇವೆ. ವಿಚಿತ್ರ ಎನ್ನಿಸಿದರೂ ಕಾರಣ ಮತ್ತೆ ಹೊತ್ತೇ. ಪಾವಗಡದ 13,000 ಎಕರೆಯ ಸೋಲಾರ್ ಪಾರ್ಕು 2,050 ಮೆಗಾವ್ಯಾಟಿನದು, ಆದರೆ ಸಂಜೆ ಆರೂವರೆಗೆ ಅದರ ಬಾಯಿ ಮುಚ್ಚುತ್ತದೆ. ಆಗಲೇ ಊರೂರಲ್ಲಿ ದೀಪ ಹತ್ತುತ್ತವೆ.

ಕಾಕಾ ಆ ಮಧ್ಯಾಹ್ನದ ಅವಮಾನ ಮರೆತಿಲ್ಲ. ಎರಡು ಫ್ಯಾನು, ನಾಲ್ಕು ದೀಪಕ್ಕೆ ಸಾಲುವಷ್ಟು ಬೇರೆ ಇನ್ವರ್ಟರ್, 150 ಆಂಪಿಯರ್-ಅವರ್‌ನ ಒಂದು ಬ್ಯಾಟರಿ ತಂದ. ಮೊದಲು ಅದನ್ನು ಮೆಟ್ಟಿಲ ಕೋಣೆಯ ಕಾದ ಗೋಡೆಗೆ ಒತ್ತಿ ಇಟ್ಟಿದ್ದ. ಹತ್ತು ಡಿಗ್ರಿ ಕಾವು ಏರಿದರೆ ಬ್ಯಾಟರಿಯ ಆಯಸ್ಸು ಅರ್ಧವಾಗುತ್ತದೆ ಎಂದು ಯಾರೋ ಹೇಳಿದ ಮೇಲೆ ಹಗೇವಿನ ಪಕ್ಕದ ತಂಪು ಮೂಲೆಗೆ ಬಂತು. ರಾತ್ರಿ ಹಾಕುತ್ತಿದ್ದ ಬೋರಿನ ಮೋಟಾರನ್ನು ಈಗ ಹನ್ನೊಂದಕ್ಕೆ ಹಾಕುತ್ತಾನೆ. ಪ್ಲೇಟಿನ ಚೌಕಟ್ಟನ್ನು ಬಿಚ್ಚಿಸಿ ಎಂಟಡಿ ಎತ್ತರಕ್ಕೆ ಏರಿಸಿದ. ಮುಂಗಾರಿಗೆ ಮುಂಚಿನ ಗಾಳಿಗೆ ಹಾರಬಾರದೆಂದು ಕಾಲುಗಳಿಗೆ ಸಿಮೆಂಟಿನ ಗುಂಡು ಕಟ್ಟಿಸಿದ. ಕೆಳಗೆ ಹಗಲು ಸೊಸೆಯಂದಿರು ಬಿಸಿಲು ತಾಗದೆ ಶೇಂಗಾ ಸುಲಿಯುತ್ತಾರೆ, ರಾತ್ರಿ ಮಂದಿ ಮಲಗುತ್ತಾರೆ.

ಕಾಕಾನ ತಾಯಿ ಮಾತ್ರ ತನ್ನ ಕೌದಿಯನ್ನು ಪ್ಲೇಟಿಲ್ಲದ ಅರ್ಧಕ್ಕೆ ಎಳೆದುಕೊಂಡಿದ್ದಾಳೆ. ‘ಯಾಕ ಆಯಿ, ಇಲ್ಲಿ ಮಕ್ಕೋರಿ’ ಅಂದರೆ, ‘ಅದರ ಬುಡಕ ಧಗಿ ಆಗ್ತದಪಾ, ಚುಕ್ಕಿನೂ ಕಾಣಂಗಿಲ್ಲ’ ಅನ್ನುತ್ತಾಳೆ. ಸ್ಯಾನ್ ಡಿಯಾಗೊದವರ ಲೆಕ್ಕದಲ್ಲೂ ಅದು ಸರಿ. ಬಯಲಾಗಿರುವ ಮಾಳಿಗೆ ರಾತ್ರಿ ತನ್ನ ಕಾವನ್ನು ನೇರ ಆಕಾಶಕ್ಕೆ ಬಿಟ್ಟು ತಣಿಯುತ್ತದೆ. ಮೇಲೆ ಪ್ಲೇಟಿದ್ದರೆ ಅದು ಕಾವನ್ನು ಕೆಳಗೇ ತಡೆದಿಡುತ್ತದೆ ಎಂದು ಅವರೂ ಬರೆದಿದ್ದಾರೆ. ಆಯಿ ಅದನ್ನು ಓದಿಲ್ಲ. ಎಂಬತ್ತು ಬೇಸಿಗೆ ಮಾಳಿಗೆ ಮೇಲೆ ಮಲಗಿದ್ದಾಳೆ, ಅಷ್ಟೇ.